ಮಲೆನಾಡಿನ ಮಳೆಗೆ ಯಾವ ಟಯರ್? – ಪಿಕಪ್ ಗಾಡಿಯ ಚಕ್ರದಡಿಯ ಭೌತವಿಜ್ಞಾನ

ಮುಂಗಾರು ಹತ್ತಿರವಾಗುತ್ತಿದ್ದಂತೆ ಸಕಲೇಶಪುರ, ಆಲೂರು ತಾಲ್ಲೂಕುಗಳ ಪಿಕಪ್ ಮಾಲೀಕರು ಒಂದು ಪ್ರಶ್ನೆ ಕೇಳುತ್ತಾರೆ: ಈ ಮಳೆಗಾಲಕ್ಕೆ ಯಾವ ಟಯರ್ ಹಾಕಿಸುವುದು? ಕೆಲವರು ಅಗಲವಾದ ಟಯರ್ ಎನ್ನುತ್ತಾರೆ, ಕೆಲವರು ಗಟ್ಟಿ ಹಲ್ಲುಗಳ ಬಟನ್ ಟಯರ್ ಎನ್ನುತ್ತಾರೆ. ಹೊರದೇಶದಲ್ಲಿ ನೆಂಟರಿರುವವರು ಅಲ್ಲಿನ ‘ಚಳಿಗಾಲದ ಟಯರ್’ ಬಗ್ಗೆ ವಿಚಾರಿಸುವುದೂ ಉಂಟು. ಹಳೆಯದೇ ಇನ್ನೊಂದು ಮಳೆಗಾಲ ಬರುತ್ತದೆ ಎನ್ನುವವರೂ ಇದ್ದಾರೆ.

ಇದು ಕೇವಲ ಹಣದ ಪ್ರಶ್ನೆಯಲ್ಲ. ಈ ಭಾಗದಲ್ಲಿ ಪಿಕಪ್ ಗಾಡಿ ಕಾಫಿ ಮೂಟೆ, ಮೆಣಸು, ಗೊಬ್ಬರಗಳನ್ನಷ್ಟೇ ಸಾಗಿಸುವುದಿಲ್ಲ. ತೋಟದ ಕೆಲಸಗಾರರು ಅದರಲ್ಲೇ ಓಡಾಡುತ್ತಾರೆ. ಒಂದೇ ದಿನದಲ್ಲಿ ಆ ಗಾಡಿ ಮೂರು ಬಗೆಯ ನೆಲವನ್ನು ತುಳಿಯುತ್ತದೆ: ಶಿರಾಡಿ ಘಾಟಿಯ ಒದ್ದೆ ಕಾಂಕ್ರೀಟು, ಹಾನುಬಾಳು, ಹೆತ್ತೂರು, ಬಿಸ್ಲೆ ಕಡೆಯ ಪಾಚಿಗಟ್ಟಿದ ಡಾಂಬರು, ತೋಟದೊಳಗಿನ ಕೆಂಪು ಕೆಸರು. ಈ ಮೂರರಲ್ಲೂ ಟಯರ್ ಮಾಡಬೇಕಾದ ಕೆಲಸ ಬೇರೆ ಬೇರೆ. ಒಂದಕ್ಕೆ ಒಳ್ಳೆಯದಾದ ಗುಣ ಇನ್ನೊಂದಕ್ಕೆ ಕೆಡುಕಾಗಬಹುದು. ಆದ್ದರಿಂದ ‘ಒಳ್ಳೆಯ ಟಯರ್ ಯಾವುದು’ ಎಂದು ಕೇಳುವ ಮೊದಲು ‘ಟಯರ್ ಮತ್ತು ನೆಲದ ನಡುವೆ ಏನಿದೆ’ ಎಂದು ಕೇಳಬೇಕು. ಉತ್ತರ ಭೌತವಿಜ್ಞಾನದ ಸರಳ ನಿಯಮಗಳಲ್ಲೇ ಸಿಗುತ್ತದೆ.

ಎರಡು ಪೋಸ್ಟ್ ಕಾರ್ಡಿನಷ್ಟು ಜಾಗ

ಗಾಡಿಗೂ ಭೂಮಿಗೂ ಇರುವ ಸಂಬಂಧವೆಲ್ಲ ನಾಲ್ಕು ಸಣ್ಣ ಸಂಪರ್ಕ ಪ್ರದೇಶಗಳ ಮೂಲಕವೇ ಆಗಬೇಕು. ಅವುಗಳ ವಿಸ್ತೀರ್ಣವನ್ನು ಸುಲಭವಾಗಿ ಅಂದಾಜು ಮಾಡಬಹುದು. ಹೊರೆ ಸೇರಿ ಗಾಡಿಯ ರಾಶಿ 2400 ಕಿ.ಗ್ರಾಂ ಎಂದುಕೊಳ್ಳೋಣ. ಒಂದು ಚಕ್ರದ ಪಾಲು ಸರಾಸರಿ 600 ಕಿ.ಗ್ರಾಂ, ಅಂದರೆ ಸುಮಾರು 5900 ನ್ಯೂಟನ್. ಟಯರಿನ ಗಾಳಿಯ ಒತ್ತಡ 35 ಪಿ.ಎಸ್.ಐ. ಇದ್ದರೆ ಅದು ಸುಮಾರು 240 ಕಿಲೋಪಾಸ್ಕಲ್. ಒತ್ತಡವೆಂದರೆ ಏಕಮಾನ ವಿಸ್ತೀರ್ಣದ ಮೇಲಿನ ಬಲ. ಆದ್ದರಿಂದ ವಿಸ್ತೀರ್ಣ = 5900 ÷ 2,40,000 = 0.0245 ಚದರ ಮೀಟರ್, ಅಂದರೆ 245 ಚದರ ಸೆಂ.ಮೀ. ಅಂಚೆ ಕಚೇರಿಯ ಎರಡು ಪೋಸ್ಟ್ ಕಾರ್ಡುಗಳಷ್ಟು ಜಾಗ! ಟಯರಿನ ಪಕ್ಕದ ಗೋಡೆಯ ಬಿಗುವಿನಿಂದಾಗಿ ಈ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಅಂದಾಜಿಗೆ ಇದು ಸಾಕು.

ಈ ಲೆಕ್ಕದಲ್ಲಿ ಟಯರಿನ ಅಗಲ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಭಾರ, ಗಾಳಿಯ ಒತ್ತಡ ಎರಡೂ ಹಾಗೇ ಇದ್ದರೆ, ಅಗಲದ ಟಯರ್ ಹಾಕಿದ ಮಾತ್ರಕ್ಕೆ ಸಂಪರ್ಕ ಪ್ರದೇಶ ಹೆಚ್ಚು ಹಿಗ್ಗುವುದಿಲ್ಲ. ಅದರ ಆಕಾರವಷ್ಟೇ ಬದಲಾಗುತ್ತದೆ. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಈ ಬದಲಾವಣೆ ನೀರು ನಿಂತ ರಸ್ತೆಯಲ್ಲಿ ಅನುಕೂಲವಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ರಬ್ಬರು ಹಿಡಿಯುವ ಬಗೆ

ಘರ್ಷಣಾ ಬಲವು ಲಂಬ ಬಲಕ್ಕೆ ಅನುಪಾತೀಯ, ಸಂಪರ್ಕ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಶಾಲೆಯಲ್ಲಿ ಕಲಿಸುತ್ತೇವೆ. 1699ರಲ್ಲಿ ಅಮೊಂಟನ್ಸ್ ಹೇಳಿದ ಈ ನಿಯಮ ಮರ, ಲೋಹಗಳಿಗೆ ಚೆನ್ನಾಗಿ ಒಪ್ಪುತ್ತದೆ. ರಬ್ಬರಿಗೆ ಅಷ್ಟಾಗಿ ಒಪ್ಪುವುದಿಲ್ಲ. ರಬ್ಬರು ರಸ್ತೆಯನ್ನು ಎರಡು ರೀತಿಯಲ್ಲಿ ಹಿಡಿಯುತ್ತದೆ. ಮೊದಲನೆಯದು ಅಂಟಿಕೆ: ರಬ್ಬರಿನ ಅಣುಗಳಿಗೂ ರಸ್ತೆಯ ಮೇಲ್ಮೈಗೂ ನಡುವಿನ ಆಕರ್ಷಣೆ. ಎರಡನೆಯದು ಹಿಸ್ಟೆರಿಸಿಸ್: ಜಲ್ಲಿಯ ಏರುತಗ್ಗುಗಳ ಮೇಲೆ ಜಾರುವಾಗ ರಬ್ಬರು ತಗ್ಗಿ ಮತ್ತೆ ಉಬ್ಬುತ್ತದೆ. ತಗ್ಗಿಸಲು ಬೇಕಾದಷ್ಟು ಶಕ್ತಿಯನ್ನು ಅದು ಉಬ್ಬುವಾಗ ಹಿಂದಿರುಗಿಸುವುದಿಲ್ಲ, ಉಳಿದದ್ದು ಉಷ್ಣವಾಗುತ್ತದೆ. ಈ ಶಕ್ತಿನಷ್ಟವೇ ಜಾರುವಿಕೆಗೆ ಪ್ರತಿರೋಧ.

ನಡುವೆ ನೀರಿನ ಪದರ ಬಂದರೆ ಮೊದಲು ಕುಂದುವುದು ಅಂಟಿಕೆ. ಆಗ ಹೆಚ್ಚಾಗಿ ಹಿಸ್ಟೆರಿಸಿಸನ್ನೇ ನಂಬಬೇಕು. ಒದ್ದೆ ರಸ್ತೆಯ ಹಿಡಿತಕ್ಕೆಂದು ತಯಾರಾದ ಟಯರುಗಳಲ್ಲಿ ಇಂಗಾಲದ ಮಸಿಯ ಜೊತೆಗೆ ಸಿಲಿಕಾವನ್ನೂ ಬೆರೆಸುವುದು ಇದನ್ನು ಹೆಚ್ಚಿಸಲಿಕ್ಕಾಗಿಯೇ.

ರಬ್ಬರಿನ ಮೃದುತ್ವವು ತಾಪವನ್ನು ಅವಲಂಬಿಸುತ್ತದೆ. ತಾಪ ಇಳಿದಂತೆ ರಬ್ಬರು ಬಿಗಿಯಾಗುತ್ತದೆ, ಕೊನೆಗೆ ಗಾಜಿನಂತೆ ಪೆಡಸಾಗುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಬೇರೆಯೇ ಟಯರ್ ಬೇಕಾಗುವುದು ಇದಕ್ಕೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ಟಯರಿನ ಹಿಡಿತ ಕುಗ್ಗತೊಡಗುತ್ತದೆ. ಚಳಿಗಾಲದ ಟಯರಿನ ರಬ್ಬರು ಆ ಚಳಿಯಲ್ಲೂ ಮೆದುವಾಗಿರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟಯರ್ ಕಡ್ಡಾಯ. ಮೂರು ಶಿಖರಗಳ ಬೆಟ್ಟ ಹಾಗೂ ಅದರೊಳಗೆ ಹಿಮದ ಹರಳು, ಇದು ಅದರ ಗುರುತು.

ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಸಕಲೇಶಪುರದಲ್ಲಿ ಹಿಮವಿಲ್ಲ. ಜನವರಿಯ ಮುಂಜಾನೆ ಮಂಜು ಕವಿದರೂ ಹಗಲಿಗೆ 25 ಡಿಗ್ರಿ ದಾಟುತ್ತದೆ. ಅಲ್ಲಿನ ಮೆದು ರಬ್ಬರು ಇಲ್ಲಿನ ಬಿಸಿ ರಸ್ತೆಯಲ್ಲಿ ಇನ್ನೂ ಮೆದುವಾಗಿ, ಬ್ರೇಕ್ ಒತ್ತಿದಾಗ ಹಲ್ಲುಗಳು ಬಾಗುತ್ತವೆ, ಬೇಗ ಸವೆಯುತ್ತವೆ. ನಮ್ಮ ಕಷ್ಟದ ಕಾಲ ಚಳಿಗಾಲವಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ನಮ್ಮ ಶತ್ರು ಚಳಿಯಲ್ಲ. ನೀರು ಮತ್ತು ಕೆಸರು.

ನೀರನ್ನು ಹೊರದೂಡುವ ಕೆಲಸ

ಟಯರಿನ ಮೇಲಿನ ಗಾಡಿಗಳು ಅಲಂಕಾರಕ್ಕಲ್ಲ. ಸಂಪರ್ಕ ಪ್ರದೇಶದ ಅಗಲ 20 ಸೆಂ.ಮೀ., ರಸ್ತೆಯ ಮೇಲಿನ ನೀರಿನ ಆಳ 3 ಮಿ.ಮೀ., ವೇಗ ಗಂಟೆಗೆ 50 ಕಿ.ಮೀ. (ಸೆಕೆಂಡಿಗೆ 13.9 ಮೀಟರ್) ಎಂದುಕೊಳ್ಳಿ. ಪ್ರತಿ ಸೆಕೆಂಡಿಗೆ ದಾರಿಯಿಂದ ಸರಿಸಬೇಕಾದ ನೀರು 0.2 × 0.003 × 13.9 = 0.0083 ಘನ ಮೀಟರ್, ಅಂದರೆ 8 ಲೀಟರಿಗೂ ಹೆಚ್ಚು. ಎರಡು ಸೆಕೆಂಡಿಗೆ ಸುಮಾರು ಒಂದು ಕೊಡ ನೀರು! ಅದೂ ರಬ್ಬರಿನ ಒಂದು ಬಿಂದು ನೆಲ ಮುಟ್ಟಿ ಮೇಲೇಳುವ ನೂರರಲ್ಲೊಂದು ಸೆಕೆಂಡಿನಷ್ಟು ಅವಧಿಯಲ್ಲಿ. ಈ ನೀರಿಗೆ ಕಾಲುವೆಗಳು ಬೇಕು. ಟಯರ್ ಅಗಲವಾದಷ್ಟೂ ಸರಿಸಬೇಕಾದ ನೀರೂ ಹೆಚ್ಚು.

ಕಾಲುವೆಗಳು ಸವೆದಿದ್ದರೆ ನೀರು ಟಯರಿನ ಮುಂದೆ ಗುಡ್ಡೆಯಾಗಿ ಅದನ್ನು ಮೇಲೆತ್ತುತ್ತದೆ. ಹರಿವ ನೀರಿನ ಒತ್ತಡವು ವೇಗದ ವರ್ಗಕ್ಕೆ ಅನುಪಾತೀಯ. ಅದು ಟಯರಿನ ಗಾಳಿಯ ಒತ್ತಡಕ್ಕೆ ಸಾಟಿಯಾದಾಗ ರಬ್ಬರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಫಲವಿಲ್ಲ. ಇದನ್ನು ಜಲತೇಲಿಕೆ ಎನ್ನೋಣ. 1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ ವಿಮಾನದ ಟಯರುಗಳ ಮೇಲೆ ನಡೆಸಿದ ಅಧ್ಯಯನದಿಂದ ಒಂದು ಸರಳ ಸೂತ್ರ ದೊರೆಯಿತು. ನಮ್ಮ ಮಾನಗಳಲ್ಲಿ ಹೇಳುವುದಾದರೆ, ತೇಲುವ ವೇಗ (ಗಂಟೆಗೆ ಕಿ.ಮೀ.) = 6.35 × √ಒತ್ತಡ (ಕಿಲೋಪಾಸ್ಕಲ್). ನೀರು ನಿಂತ ರಸ್ತೆಯಲ್ಲಿ ಬೋಳು ಟಯರಿಗೆ ಇದು ಅನ್ವಯಿಸುತ್ತದೆ. 240 ಕಿಲೋಪಾಸ್ಕಲ್ ಇದ್ದಾಗ ಈ ವೇಗ 98 ಕಿ.ಮೀ.; ಗಾಳಿ ಇಳಿದು 140 ಆಗಿದ್ದರೆ 75 ಕಿ.ಮೀ. ಮಾತ್ರ. ಗಾಳಿ ಕಡಿಮೆಯಾದಷ್ಟೂ ತೇಲುವ ಅಪಾಯ ಬೇಗ ಬರುತ್ತದೆ. ಹಾಸನದಿಂದ ಆಲೂರು, ಬಾಳ್ಳುಪೇಟೆ ಮಾರ್ಗವಾಗಿ ಬರುವ ನೇರ ಹೆದ್ದಾರಿಯಲ್ಲಿ ಇದು ಗಮನದಲ್ಲಿರಬೇಕು.

‘ನಾವು ಘಾಟಿಯಲ್ಲಿ 30, 40ರ ಮೇಲೆ ಹೋಗುವುದೇ ಇಲ್ಲ, ನಮಗೇಕೆ ಭಯ?’ ಎನ್ನಬಹುದು. ಆದರೆ ಕಡಿಮೆ ವೇಗದಲ್ಲೂ ಜಾರಿಸುವ ಇನ್ನೊಂದು ಬಗೆಯಿದೆ. ನುಣುಪಾದ ರಸ್ತೆಯ ಮೇಲೆ ಕೂದಲೆಳೆಗಿಂತ ತೆಳುವಾದ ಪದರವೂ ಸಾಕು; ಅದು ತನ್ನ ಸ್ನಿಗ್ಧತೆಯಿಂದಾಗಿ ರಬ್ಬರಿನಡಿಯಿಂದ ಬೇಗ ಹೊರಹೋಗುವುದಿಲ್ಲ. ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆ, ದೂಳು ನೀರಿನೊಂದಿಗೆ ಬೆರೆತಾಗ ಆ ಪದರ ಇನ್ನಷ್ಟು ಸ್ನಿಗ್ಧವಾಗುತ್ತದೆ. ಮರಗಳ ನೆರಳಿನಲ್ಲಿ ಪಾಚಿ ಕಟ್ಟಿದ ಬಿಸ್ಲೆ ರಸ್ತೆಯಲ್ಲೂ, ಗುಡ್ಡದ ಮಣ್ಣು ಹರಿದು ಬಂದ ಹೆದ್ದಾರಿಯಲ್ಲೂ ಆಗುವುದು ಇದೇ. ಶಿರಾಡಿ ಘಾಟಿಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಕಲಾಯಿತು. ಗುಂಡಿಗಳ ಕಾಟ ತಪ್ಪಿತು ನಿಜ, ಆದರೆ ಮೇಲಿನ ಗುಡ್ಡ ಅದೇ. 2024ರ ಜುಲೈಯಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಕುಸಿದು ಸಂಚಾರವೇ ನಿಂತದ್ದು ನೆನಪಿರಬಹುದು. ಕಾಂಕ್ರೀಟಿನ ಮೇಲೆ ಹರಡಿದ ಜೇಡಿಮಣ್ಣಿನ ತೆಳು ಲೇಪ ಯಾವ ಟಯರನ್ನೂ ಜಾರಿಸಬಲ್ಲದು.

ಈ ತೆಳು ಪದರವನ್ನು ಕತ್ತರಿಸಲು ರಬ್ಬರಿನ ದಿಂಡುಗಳಲ್ಲಿ ಬ್ಲೇಡಿನಿಂದ ಸೀಳಿದಂಥ ಸಣ್ಣ ಸೀಳುಗಳಿರುತ್ತವೆ. ಒದ್ದೆ ಡಾಂಬರಿಗೆ ಟಯರ್ ಕೊಳ್ಳುವಾಗ ಇವನ್ನು ನೋಡಬೇಕು. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ ಹಾಗೂ ಸದ್ದು ಇವು ಮೂರಕ್ಕೂ ಮಿತಿ ಹಾಕುವ ಅಧಿಸೂಚನೆಯನ್ನು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2022ರಲ್ಲಿ ಹೊರಡಿಸಿದೆ. ಆದರೆ ಮಾನದಂಡ ಹೊಸ ಟಯರಿಗೆ. ಸವೆದ ಟಯರಿನ ಹೊಣೆ ಮಾಲೀಕನದೇ. ಕಾಲುವೆಯ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಇದು ಕಾನೂನಿನ ಕೊನೆಯ ಗೆರೆ. ಘಟ್ಟದ ಮಳೆಗೆ 3 ಮಿ.ಮೀ. ಆದಾಗಲೇ ಬದಲಿಸುವುದು ವಿವೇಕ.

ಕೆಸರಿನ ಲೆಕ್ಕವೇ ಬೇರೆ

ತೋಟದ ದಾರಿಯಲ್ಲಿ ಜಾರುವುದು ರಬ್ಬರು ಮಣ್ಣಿನ ಮೇಲಲ್ಲ, ಮಣ್ಣು ಮಣ್ಣಿನ ಮೇಲೆ. ಟಯರಿಗೆ ಮೆತ್ತಿದ ಮೇಲ್ಪದರ ಕೆಳಪದರದಿಂದ ಕಿತ್ತು ಬರುತ್ತದೆ. ಹಾಗಾಗಿ ಇಲ್ಲಿ ಮುಖ್ಯವಾದದ್ದು ಮಣ್ಣಿನ ಕತ್ತರಿಕೆ ಬಲ. ವಿದ್ಯುದಾವೇಶಗಳ ನಿಯಮದಿಂದ ನಮಗೆ ಪರಿಚಿತನಾದ ಕೂಲಂಬ್ ಮೊದಲಿಗೆ ಸೇನೆಯ ಎಂಜಿನಿಯರ್. 1773ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದಲ್ಲಿ ಆತ ಮಣ್ಣಿನ ಬಲಕ್ಕೆ ಎರಡು ಭಾಗಗಳಿವೆ ಎಂದ. ಅದನ್ನು ಚಕ್ರಕ್ಕೆ ಅನ್ವಯಿಸಿದರೆ:

ಗರಿಷ್ಠ ಹಿಡಿತ = (ಮಣ್ಣಿನ ಅಂಟು × ಸಂಪರ್ಕ ವಿಸ್ತೀರ್ಣ) + (ಭಾರ × ಮಣ್ಣಿನ ಒಳಘರ್ಷಣೆ)

ಮರಳಿನಲ್ಲಿ ಎರಡನೆಯ ಭಾಗ ಮುಖ್ಯ. ಮಳೆಯಲ್ಲಿ ನೆನೆದ ಜೇಡಿಮಣ್ಣಿನಲ್ಲಿ ಎರಡನೆಯದು ಬಹುಮಟ್ಟಿಗೆ ಮಾಯವಾಗಿ ಮೊದಲನೆಯದೇ ಉಳಿಯುತ್ತದೆ. ಅಲ್ಲಿ ವಿಸ್ತೀರ್ಣಕ್ಕೆ ಬೆಲೆಯಿದೆ. ಅನುಭವಿ ಚಾಲಕರು ಕೆಸರಿನಲ್ಲಿ ಸ್ವಲ್ಪ ಗಾಳಿ ಇಳಿಸುವುದರ ಗುಟ್ಟು ಇದೇ: ಒತ್ತಡ ಇಳಿದರೆ ಸಂಪರ್ಕ ಪ್ರದೇಶ ಹಿಗ್ಗುತ್ತದೆ. ಆದರೆ ಡಾಂಬರಿಗೆ ಬರುವ ಮೊದಲು ಗಾಳಿ ತುಂಬಿಸಲೇಬೇಕು. ಇಲ್ಲವಾದರೆ ಪಕ್ಕದ ಗೋಡೆ ಪದೇಪದೇ ಬಾಗಿ ಟಯರ್ ಕಾಯುತ್ತದೆ, ಮೇಲೆ ಹೇಳಿದ ಜಲತೇಲಿಕೆಯ ವೇಗವೂ ಇಳಿಯುತ್ತದೆ.

ಬಟನ್ ಟಯರಿನ ದಪ್ಪ ಹಲ್ಲುಗಳು ಮೇಲಿನ ಸಡಿಲ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ಪದರಕ್ಕೆ ಇಳಿಯುತ್ತವೆ. ಹಲ್ಲುಗಳ ನಡುವಿನ ಖಾಲಿ ಜಾಗ ದೊಡ್ಡದಿದ್ದರೆ ಚಕ್ರ ತಿರುಗಿದಂತೆ ಕೆಸರು ಹೊರಗೆ ಸಿಡಿದು ಹಲ್ಲು ಮತ್ತೆ ಶುಚಿಯಾಗುತ್ತದೆ. ಸಣ್ಣ ಕಾಲುವೆಯ ಟಯರಿನಲ್ಲಿ ಕೆಸರು ಮೆತ್ತಿಕೊಂಡು ಅದು ಕ್ಷಣದಲ್ಲಿ ಬೋಳು ಉರುಳೆಯಾಗುತ್ತದೆ. ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟುವ ಮಲೆನಾಡಿನ ಉಪಾಯವೂ ಇದೇ ತತ್ತ್ವದ್ದು. ಆದರೆ ಅದೇ ಬಟನ್ ಟಯರ್ ಡಾಂಬರಿಗೆ ಬಂದಾಗ ಖಾಲಿ ಜಾಗ ಹೆಚ್ಚಿರುವುದರಿಂದ ರಸ್ತೆ ಮುಟ್ಟುವ ರಬ್ಬರು ಕಡಿಮೆ; ಎತ್ತರದ ಹಲ್ಲುಗಳು ಬಾಗುತ್ತವೆ; ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಕೆಸರಿನ ಶೂರ ಘಾಟಿಯಲ್ಲಿ ದುರ್ಬಲ.

ಏರುವುದು ಒಂದು, ನಿಲ್ಲುವುದು ಇನ್ನೊಂದು

ಐದು ಮೀಟರಿಗೆ ಒಂದು ಮೀಟರ್ ಏರುವ ತೋಟದ ದಾರಿಯನ್ನು ತೆಗೆದುಕೊಳ್ಳಿ. ಗಾಡಿ ಏರಲು ಅದರ ತೂಕದ ಸುಮಾರು 0.2 ಪಾಲು ತಳ್ಳುವ ಬಲ ಬೇಕು. ಹೆಚ್ಚಿನ ಪಿಕಪ್‌ಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ. 1600 ಕಿ.ಗ್ರಾಂನ ಖಾಲಿ ಗಾಡಿಯಲ್ಲಿ ಶೇ. 45ರಷ್ಟು ತೂಕ ಹಿಂದಿದ್ದರೆ ಬೇಕಾದ ಘರ್ಷಣಾಂಕ 0.2 ÷ 0.45 = 0.44. ಹಿಂದಿನ ಅಚ್ಚಿನ ಮೇಲೆ 50 ಕಿ.ಗ್ರಾಂನ ಹತ್ತು ಮೂಟೆ ಇಟ್ಟರೆ ಹಿಂದಿನ ಪಾಲು ಶೇ. 58 ಆಗಿ ಬೇಕಾದ ಘರ್ಷಣಾಂಕ 0.34ಕ್ಕೆ ಇಳಿಯುತ್ತದೆ. ಖಾಲಿ ಗಾಡಿ ಜಾರಿದ ಏರನ್ನು ಹೊರೆ ಇದ್ದ ಗಾಡಿ ಹತ್ತಬಲ್ಲದು. ನಾಲ್ಕೂ ಚಕ್ರಗಳಿಗೆ ಬಲವಿರುವ ಫೋರ್ ವೀಲ್ ಗಾಡಿಗೆ 0.2 ಸಾಕು.

ಇಲ್ಲಿಯೇ ಒಂದು ಅಪಾಯಕಾರಿ ತಪ್ಪು ತಿಳಿವಳಿಕೆ ಇದೆ. ಫೋರ್ ವೀಲ್ ಏರಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಎಲ್ಲ ಗಾಡಿಗಳಿಗೂ ಬ್ರೇಕು ನಾಲ್ಕು ಚಕ್ರಗಳಲ್ಲೂ ಇರುತ್ತದೆ. ನಿಲ್ಲಿಸುವುದು ಟಯರ್ ಮಾತ್ರ. ನಿಲ್ಲಲು ಬೇಕಾದ ದೂರ:

ದೂರ = ವೇಗದ ವರ್ಗ ÷ [2 × 9.8 × (ಘರ್ಷಣಾಂಕ – ಇಳಿಜಾರು)]

ನೂರು ಮೀಟರಿಗೆ 6 ಮೀಟರ್ ಇಳಿಯುವ ರಸ್ತೆಯಲ್ಲಿ, ಗಂಟೆಗೆ 50 ಕಿ.ಮೀ. ವೇಗಕ್ಕೆ ಲೆಕ್ಕ ಹಾಕೋಣ. ಒಣ ರಸ್ತೆಗೆ ಘರ್ಷಣಾಂಕ 0.7 ಎಂದರೆ 15 ಮೀಟರ್. ಒಳ್ಳೆಯ ಟಯರ್, ಒದ್ದೆ ರಸ್ತೆಗೆ 0.4 ಎಂದರೆ 29 ಮೀಟರ್. ಸವೆದ ಟಯರ್, ಒದ್ದೆ ರಸ್ತೆಗೆ 0.25 ಎಂದರೆ 52 ಮೀಟರ್. ಚಾಲಕ ಎಚ್ಚೆತ್ತು ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲಿ ಕ್ರಮಿಸುವ 14 ಮೀಟರನ್ನು ಇದಕ್ಕೆ ಸೇರಿಸಬೇಕು. ಘಾಟಿಯ ಎಷ್ಟೋ ತಿರುವುಗಳಲ್ಲಿ ಮುಂದೆ ಕಾಣುವ ದಾರಿಯೇ ಅಷ್ಟಿರುವುದಿಲ್ಲ. ಅದೇ ಸವೆದ ಟಯರಿನಲ್ಲಿ ವೇಗವನ್ನು 30 ಕಿ.ಮೀ.ಗೆ ಇಳಿಸಿದರೆ 52 ಮೀಟರ್ 19 ಮೀಟರಾಗುತ್ತದೆ. ವೇಗದ ವರ್ಗ ಎಂಬುದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ರಿಮ್ಮು ಮತ್ತು ಟಯರಿನ ಮೇಲಿನ ಬರಹ

ಟಯರಿನ ಪಕ್ಕದಲ್ಲಿ 215/75 ಆರ್ 15 ಎಂದಿದ್ದರೆ, ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 75, ರಿಮ್ಮಿನ ವ್ಯಾಸ 15 ಅಂಗುಲ. ‘ಆರ್’ ಎಂದರೆ ರೇಡಿಯಲ್. ಒಟ್ಟು ವ್ಯಾಸ 381 + 2 × 161 = 703 ಮಿ.ಮೀ. ಇದರ ಬದಲಿಗೆ 235/75 ಆರ್ 15 ಹಾಕಿಸಿದರೆ ವ್ಯಾಸ 733 ಮಿ.ಮೀ. ಆಗಿ ಶೇ. 4ರಷ್ಟು ಹೆಚ್ಚುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62ಕ್ಕೂ ಹೆಚ್ಚು ವೇಗದಲ್ಲಿರುತ್ತದೆ. ಎಂಜಿನ್ನಿನ ತಿರುಚು ಬಲ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದ್ದರಿಂದ ನೆಲವನ್ನು ತಳ್ಳುವ ಬಲ ಶೇ. 4ರಷ್ಟು ಕಡಿಮೆಯಾಗುತ್ತದೆ, ಏರಿನಲ್ಲಿ ಇದು ತಿಳಿಯುತ್ತದೆ. ನಂತರದ ಸಂಖ್ಯೆ ಭಾರದ ಸೂಚ್ಯಂಕ: 100 ಎಂದರೆ 800 ಕಿ.ಗ್ರಾಂ, 106 ಎಂದರೆ 950 ಕಿ.ಗ್ರಾಂ. ಕಾರಿನ ಟಯರನ್ನು ಪಿಕಪ್ಪಿಗೆ ಹಾಕಬಾರದೆನ್ನುವುದು ಇದಕ್ಕೆ. ತಯಾರಾದ ದಿನವನ್ನು ನಾಲ್ಕು ಅಂಕಿಗಳು ಹೇಳುತ್ತವೆ: 2324 ಎಂದರೆ 2024ರ 23ನೇ ವಾರ. ವರ್ಷವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯ ಟಯರ್ ಸವೆಯದಿದ್ದರೂ ಓಜೋನ್ ಮತ್ತು ಆಮ್ಲಜನಕದಿಂದ ಪೆಡಸಾಗಿ ಬಿರುಕು ಬಿಡುತ್ತದೆ.

ರಿಮ್ಮಿನ ವಿಷಯದಲ್ಲಿ ಅಲಾಯ್ ಹಗುರ, ನೋಡಲು ಚೆಂದ. ಆದರೆ ಕಲ್ಲಿಗೆ ಬಡಿದಾಗ ಉಕ್ಕು ಬಾಗುತ್ತದೆ, ಅಲಾಯ್ ಬಿರುಕು ಬಿಡಬಹುದು. ಬಾಗಿದ ಉಕ್ಕಿನ ರಿಮ್ಮನ್ನು ಊರಿನ ಗ್ಯಾರೇಜಿನಲ್ಲೇ ತಟ್ಟಿ ಸರಿಮಾಡಬಹುದು. ಚಕ್ರ ಹೊರಗೆ ಚಾಚುವಂಥ ಅಗಲದ ರಿಮ್ ಹಾಕಿಸಿದರೆ ಬೇರಿಂಗಿನ ಮೇಲೆ ಸನ್ನೆಯಂತೆ ಹೆಚ್ಚು ಬಲ ಬೀಳುತ್ತದೆ, ಸ್ಟಿಯರಿಂಗ್ ಎಳೆಯುತ್ತದೆ. ಹೊರೆ ಹೊರುವ ಗಾಡಿಗೆ ಕಂಪನಿ ಕೊಟ್ಟ ಅಳತೆಯ ಉಕ್ಕಿನ ರಿಮ್ಮೇ ಸೂಕ್ತ.

ಹಾಗಾದರೆ ಯಾವುದು?

ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ಬೇಗ ಕಡಿಮೆಯಾಗುತ್ತದೆ. ಅರೆಮಲೆನಾಡಾದ ಆಲೂರಿನಿಂದ ಆಲೂಗೆಡ್ಡೆ, ಶುಂಠಿ, ಜೋಳ ತುಂಬಿಕೊಂಡು ಹಾಸನದ ಮಾರುಕಟ್ಟೆಗೆ ಹೋಗುವ ಗಾಡಿಯ ಓಟ ಹೆಚ್ಚಾಗಿ ಡಾಂಬರಿನ ಮೇಲೆ. ಅದಕ್ಕೆ ಆಳವಾದ ನೇರ ಕಾಲುವೆಗಳೂ ಸೀಳುಗಳೂ ಇರುವ ರಸ್ತೆ ಟಯರ್ ಸರಿ. ತೋಟ, ಘಾಟಿ ಎರಡನ್ನೂ ದಿನವೂ ತುಳಿಯುವ ಗಾಡಿಗೆ ನಡುಬಗೆಯ ಆಲ್ ಟೆರೈನ್ ಟಯರ್ ಒಪ್ಪುತ್ತದೆ. ಎರಡರಲ್ಲೂ ಅದು ಮೊದಲ ಸ್ಥಾನದ್ದಲ್ಲ, ಎರಡರಲ್ಲೂ ಕೈಕೊಡುವಂಥದ್ದೂ ಅಲ್ಲ. ತೋಟದ ಗೇಟು ದಾಟದ ಗಾಡಿಗೆ ಮಾತ್ರ ಪೂರ್ಣ ಬಟನ್ ಟಯರ್.

ಯಾವುದೇ ಆಯ್ಕೆಯಲ್ಲೂ ನಾಲ್ಕು ಮಾತು ಅನ್ವಯಿಸುತ್ತವೆ. ಒಂದೇ ಅಚ್ಚಿನಲ್ಲಿ ರೇಡಿಯಲ್ ಮತ್ತು ನೈಲಾನ್ ಟಯರುಗಳನ್ನು ಬೆರೆಸಬಾರದು. ಎರಡೇ ಹೊಸ ಟಯರ್ ಕೊಳ್ಳುವುದಾದರೆ ಹಿಂದಕ್ಕೆ ಹಾಕಬೇಕು. ತಿರುವಿನಲ್ಲಿ ಹಿಂಭಾಗ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ರೀಸೋಲ್ ಮಾಡಿಸಿದ ಟಯರನ್ನು ಮುಂದಿನ ಚಕ್ರಕ್ಕೆ ಹಾಕಬಾರದು. ಗಾಳಿಯನ್ನು ಟಯರ್ ತಣ್ಣಗಿರುವಾಗ, ಹೊರೆಗೆ ತಕ್ಕಂತೆ, ಸ್ಟೆಪ್ನಿಯನ್ನೂ ಸೇರಿಸಿ ನೋಡಿಸಬೇಕು.

ಶಾಲೆಯಲ್ಲಿ ಮಾಡಿ ನೋಡಿ

1. ಹಳೆಯ ಟಯರಿನ ತುಂಡೊಂದನ್ನು ಹಲಗೆಯ ಮೇಲಿಟ್ಟು ಹಲಗೆಯನ್ನು ನಿಧಾನವಾಗಿ ಎತ್ತಿ. ತುಂಡು ಜಾರತೊಡಗುವ ಕೋನದ ಟ್ಯಾಂಜೆಂಟೇ ಘರ್ಷಣಾಂಕ. ಒಣ ಹಲಗೆ, ಒದ್ದೆ ಹಲಗೆ, ಜೇಡಿ ಸವರಿದ ಹಲಗೆ ಹೀಗೆ ಮೂರು ಸಲ ಅಳೆದು ಪಟ್ಟಿ ಮಾಡಿ.

2. ನಿಂತ ಸ್ಕೂಟರಿನ ಹಿಂದಿನ ಚಕ್ರವನ್ನು ಎತ್ತಿ, ಟಯರಿಗೆ ಮಸಿ ಸವರಿ, ಚೌಕಳಿ ಕಾಗದದ ಮೇಲೆ ಇಳಿಸಿ. ಅಚ್ಚಿನ ಚೌಕಗಳನ್ನು ಎಣಿಸಿ ವಿಸ್ತೀರ್ಣ ಕಂಡುಹಿಡಿಯಿರಿ. ಅದನ್ನು ಗಾಳಿಯ ಒತ್ತಡದಿಂದ ಗುಣಿಸಿದರೆ ಆ ಚಕ್ರದ ಮೇಲಿನ ಭಾರದ ಅಂದಾಜು ಸಿಗುತ್ತದೆ.

3. ಟಯರಿನ ಕಾಲುವೆಗೆ ಬೆಂಕಿಕಡ್ಡಿ ಇಳಿಸಿ, ಮೇಲ್ಮಟ್ಟದಲ್ಲಿ ಉಗುರಿನಿಂದ ಗುರುತು ಮಾಡಿ, ಸ್ಕೇಲಿನಲ್ಲಿ ಅಳೆಯಿರಿ. ಮನೆಯ ಗಾಡಿ, ಶಾಲೆಗೆ ಮಕ್ಕಳನ್ನು ತರುವ ಗಾಡಿ, ತೋಟದ ಪಿಕಪ್ ಎಲ್ಲವನ್ನೂ ಅಳೆದು ಮೇ ತಿಂಗಳೊಳಗೆ ಒಂದು ಪಟ್ಟಿ ತಯಾರಿಸಲು ವಿದ್ಯಾರ್ಥಿಗಳಿಗೆ ಹೇಳಿ. 3 ಮಿ.ಮೀ.ಗಿಂತ ಕಡಿಮೆ ಬಂದ ಗಾಡಿಯ ಮಾಲೀಕರಿಗೆ ಆ ಪಟ್ಟಿಯ ಜೊತೆಗೆ 29 ಮೀಟರ್ ಮತ್ತು 52 ಮೀಟರಿನ ಲೆಕ್ಕವನ್ನೂ ತೋರಿಸಲಿ.